ಇಂಗ್ಲೆಂಡಿನ ವಕೀಲಿ ಪರೀಕ್ಷೆಯ ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಇದನ್ನು ಬರೆಯಬೇಕು ಅಂತ ಮೂರು ವಾರದಿಂದ ಕೂರುತ್ತಿದ್ದೇನೆ, ನಾಚಿಕೆಯಾಗಿ ಎದ್ದುಬಿಡುತ್ತಿದ್ದೇನೆ. ನಾನು ವಕೀಲೆ. ನಮ್ಮ ಸೀನಿಯರ್ ಆಫೀಸಿಗೆ ಬರುವ ಕಕ್ಷಿದಾರರಿಗೆ ದಿನಾ "ಓದದೆ ಸಹಿ ಹಾಕಬೇಡಿ" ಅಂತ ಹೇಳುವವಳು. ಅಂಥವಳೇ ಓದದೆ ಸಹಿ ಹಾಕಿ 2.4 ಲಕ್ಷ ರೂಪಾಯಿ ಕಳೆದುಕೊಂಡೆ. ಆದರೆ ಮೊನ್ನೆ ನಮ್ಮ ಕಾಲೇಜಿನ ಜೂನಿಯರ್ ಒಬ್ಬಳು ಅದೇ ಸಂಸ್ಥೆಯ ಜಾಹೀರಾತನ್ನು ಕಳಿಸಿ "ಅಕ್ಕಾ, ಇದಕ್ಕೆ ಸೇರಬಹುದಾ?" ಅಂತ ಕೇಳಿದಳು. ಅವಳಿಗೆ ಫೋನಲ್ಲಿ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹಾಕುವುದಿಲ್ಲ, ವಿಷಯ ಗ್ರಾಹಕರ ಆಯೋಗಕ್ಕೆ ಹೋಗುತ್ತಿದೆ. ಹೆಸರು ಬೇಕಾಗಿಯೂ ಇಲ್ಲ. ಅವರು ಆಡುವ ಮಾತು ಕೇಳಿದರೆ ನಿಮಗೇ ಗುರುತು ಸಿಗುತ್ತದೆ.

2024ರ ನವೆಂಬರ್. ನಾನು ಸನದು (ವಕೀಲಿಕೆಯ ಪರವಾನಗಿ) ತಗೊಂಡು ಆಗ ಬರೀ ಐದು ತಿಂಗಳು. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ "ಯು.ಕೆ. ಬಾರ್ ಕನ್ವರ್ಷನ್" ಅಂತಿತ್ತು. ಒಂದು ಕಡೆ ಗಾಂಧೀಜಿ ಫೋಟೋ, ಇನ್ನೊಂದು ಕಡೆ ಅಂಬೇಡ್ಕರ್ ಫೋಟೋ. ನನ್ನ ನಂಬರ್ ತುಂಬಿ ಐದು ನಿಮಿಷವಾಗಿರಲಿಲ್ಲ, ಕೌನ್ಸೆಲರ್ ಫೋನ್ ಬಂತು. ತುಂಬಾ ನಯವಾದ ಮಾತು. ಮೂರು ವಿಷಯ ಹೇಳಿದರು. ಒಂದು, ಈ ಕೋರ್ಸ್ "ಎಸ್‌ಆರ್‌ಎ ಅಪ್ರೂವ್ಡ್", ಅಂದರೆ ಅಲ್ಲಿನ ವಕೀಲರ ಒಂದು ನಿಯಂತ್ರಣ ಸಂಸ್ಥೆ ಒಪ್ಪಿದ್ದು. ಎರಡು, ಭಾರತದಲ್ಲಿ ಸನದು ಇದ್ದವರಿಗೆ ಪರೀಕ್ಷೆಯ ಎರಡನೇ ಹಂತ "ಆಟೋಮ್ಯಾಟಿಕ್ ಎಕ್ಸೆಂಪ್ಶನ್", ಬರೆಯೋದೇ ಬೇಡ. ಮೂರು, ಫೀಸಿನಲ್ಲಿ "ಎಕ್ಸಾಮ್ ಫೀ ಸಪೋರ್ಟ್" ಕೂಡ ಸೇರಿದೆ. ಈ ಮೂರನ್ನೂ ನೆನಪಿಟ್ಟುಕೊಳ್ಳಿ. ಮೂರೂ ಸುಳ್ಳು.

ಒಟ್ಟು 2,40,000. ಅಣ್ಣ ಚೀಟಿ ಎತ್ತಿ 60,000 ಕೊಟ್ಟ. "ನೀನು ಓದು, ದುಡ್ಡಿನ ಯೋಚನೆ ನನಗೆ ಬಿಡು" ಅಂದ. ಉಳಿದ 1,80,000ಕ್ಕೆ "ನೋ ಕಾಸ್ಟ್ ಇಎಂಐ", ತಿಂಗಳಿಗೆ ಹತ್ತು ಸಾವಿರದಂತೆ 18 ಕಂತು. ಆಫರ್ ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ ಅಂದರು. ಮೊಬೈಲಿಗೆ ಒಂದು ಲಿಂಕ್ ಬಂತು, ಒಟಿಪಿ ಹಾಕಿದೆ, ಮುಗೀತು. ಆ ಲಿಂಕಿನ ಒಳಗೆ 22 ಪುಟದ ಸಾಲದ ಕರಾರು ಇತ್ತು ಅಂತ ನನಗೆ ಗೊತ್ತಾಗಿದ್ದು ಆರು ತಿಂಗಳಾದ ಮೇಲೆ.

ಮೊದಲ ಪೆಟ್ಟು ಬಿದ್ದಿದ್ದು ನಮ್ಮ ಸೀನಿಯರ್ ಎದುರಿಗೆ. "ಸರ್, ಬ್ಯಾರಿಸ್ಟರ್ ಆಗೋಕೆ ಕೋರ್ಸ್ ಸೇರಿದ್ದೀನಿ" ಅಂತ ಖುಷಿಯಿಂದ ಹೇಳಿದೆ. ಅವರು ಪುಸ್ತಕಗಳ ಪಟ್ಟಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೋಡಮ್ಮಾ, ಇದು ಬಾರ್ ಅಲ್ಲ. ಇದು ಸಾಲಿಸಿಟರ್ ಪರೀಕ್ಷೆ" ಅಂದರು. ನಿಜ. ಇವರು ಕೋಚಿಂಗ್ ಕೊಡುತ್ತಿದ್ದ ಎಸ್‌ಕ್ಯೂಇ (ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಕ್ಸಾಮಿನೇಶನ್) ಅಂದರೆ ಸಾಲಿಸಿಟರ್ ಆಗುವ ಪರೀಕ್ಷೆ. ಅಲ್ಲಿ ಸಾಲಿಸಿಟರ್ ಅಂದರೆ ಮುಖ್ಯವಾಗಿ ಕಕ್ಷಿದಾರರಿಗೆ ಸಲಹೆ ಕೊಟ್ಟು ಕಾಗದಪತ್ರ ನೋಡಿಕೊಳ್ಳುವ ವಕೀಲರು, ಬ್ಯಾರಿಸ್ಟರ್ ಅಂದರೆ ಮುಖ್ಯವಾಗಿ ಕೋರ್ಟಿನಲ್ಲಿ ವಾದ ಮಾಡುವವರು. 2021ರಲ್ಲಿ ಶುರುವಾಯಿತು, ಅದಕ್ಕೂ ಮುಂಚೆ ವಿದೇಶಿ ವಕೀಲರಿಗೆ ಕ್ಯೂಎಲ್‌ಟಿಎಸ್ ಅಂತ ಬೇರೆ ಪರೀಕ್ಷೆ ಇತ್ತು. ಬ್ಯಾರಿಸ್ಟರ್ ಆಗಬೇಕಾದರೆ ದಾರಿಯೇ ಬೇರೆ. ಅದು ಬ್ಯಾರಿಸ್ಟರ್‌ಗಳ ನಿಯಂತ್ರಣ ಸಂಸ್ಥೆಯಾದ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್ ಕೈಯಲ್ಲಿದೆ, ಅವರಿಗೆ ಪ್ರತ್ಯೇಕ ಅರ್ಜಿ ಹಾಕಬೇಕು, ಲಂಡನ್ನಿನಲ್ಲಿರುವ ಬ್ಯಾರಿಸ್ಟರ್‌ಗಳ ನಾಲ್ಕು ಹಳೇ ಸಂಘಗಳಲ್ಲಿ (ಇನ್‌ಗಳಲ್ಲಿ) ಒಂದಕ್ಕೆ ಸೇರಬೇಕು. ಗಾಂಧೀಜಿ ಇನ್ನರ್ ಟೆಂಪಲ್, ಅಂಬೇಡ್ಕರ್ ಗ್ರೇಸ್ ಇನ್. ಇಬ್ಬರೂ ಬ್ಯಾರಿಸ್ಟರ್‌ಗಳು. ಅವರ ಫೋಟೋ ಹಾಕಿ ಸಾಲಿಸಿಟರ್ ಕೋರ್ಸ್ ಮಾರುತ್ತಿದ್ದಾರೆ ಇವರು! ಸಾಲಿಸಿಟರ್ ಆಗೋದು ಕಡಿಮೆ ಅಂತ ನಾನು ಹೇಳುತ್ತಿಲ್ಲ, ಅದೂ ದೊಡ್ಡ ವೃತ್ತಿಯೇ. ಆದರೆ ಯಾವುದನ್ನು ಮಾರುತ್ತಿದ್ದೇವೆ ಅಂತಾದ್ರೂ ಹೇಳಬೇಕಲ್ವಾ? ನಾನಾಗಲೇ ಊರಿಗೆಲ್ಲ ಬ್ಯಾರಿಸ್ಟರ್ ಅಂತ ಹೇಳಿಯಾಗಿತ್ತು.

ಕೌನ್ಸೆಲರ್‌ಗೆ ಕೇಳಿದೆ. "ಎರಡೂ ಒಂದೇ ಮೇಡಂ, ಅಲ್ಲಿ ಲಾಯರ್ ಅಂದ್ರೆ ಲಾಯರ್" ಅಂದರು. ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. ಸಾಲಿಸಿಟರ್ ಆದರೂ ಸರಿ, ಇಷ್ಟು ಕಟ್ಟಿದ್ದೇವೆ, ಓದೋಣ ಅಂದುಕೊಂಡೆ.

ಜುಲೈ 2025ರ ಪರೀಕ್ಷೆಗೆ ಬುಕಿಂಗ್ ಶುರುವಾಯಿತು. ಮೊದಲ ಹಂತದ ಫೀಸು ಆಗ 1,888 ಪೌಂಡ್, ಅಂದರೆ ಎರಡು ಲಕ್ಷ ರೂಪಾಯಿ ದಾಟುತ್ತದೆ. ಆಮೇಲೆ ಇನ್ನೂ ಜಾಸ್ತಿಯಾಗಿದೆ. ಅದೂ ಕೋರ್ಸ್ ಫೀಸಿನಲ್ಲೇ ಸೇರಿಕೊಂಡಿದೆಯಲ್ಲ ಅಂತ ಆರಾಮಾಗಿದ್ದೆ. ಸಂಸ್ಥೆಗೆ ವಾಟ್ಸಾಪ್ ಮಾಡಿದೆ, "ನನ್ನ ಎಕ್ಸಾಮ್ ಫೀಸ್ ಯಾವಾಗ ಕಟ್ಟುತ್ತೀರಿ?" ಅಂತ. ಬಂದ ಉತ್ತರ ಇದು: "ಫೀ ಸಪೋರ್ಟ್ ಅಂದ್ರೆ ಫಾರ್ಮ್ ತುಂಬೋಕೆ, ಪೇಮೆಂಟ್ ಮಾಡೋಕೆ ಗೈಡ್ ಮಾಡ್ತೀವಿ ಮೇಡಂ. ಫೀಸ್ ನೀವೇ ಕಟ್ಟಬೇಕು."

ಆ ಮೆಸೇಜನ್ನು ನಾಲ್ಕು ಸಲ ಓದಿದೆ. ಕೋರ್ಟ್ ಕಾರಿಡಾರಿನಲ್ಲಿ ನಿಂತಿದ್ದೆ, ಒಳಗೆ ನಮ್ಮ ಕೇಸ್ ಕೂಗುತ್ತಿದ್ದರು, ನನಗೆ ಕೇಳಿಸಲಿಲ್ಲ. ಸಪೋರ್ಟ್ ಅಂದ್ರೆ ಫಾರ್ಮ್ ತುಂಬೋದು! ನನಗೆ ಫಾರ್ಮ್ ತುಂಬೋಕೆ ಬರಲ್ವಾ? ವಕಾಲತ್ತು, ಅಫಿಡವಿಟ್ ಅಂತ ದಿನಕ್ಕೆ ಹತ್ತು ತುಂಬುತ್ತೇನೆ. ಎರಡು ಲಕ್ಷ ಅವರು ಕಟ್ಟುತ್ತಾರೆ ಅಂತ ನಂಬಿದ್ದಕ್ಕೇ ನಾನು 2.4 ಲಕ್ಷ ದುಬಾರಿ ಅಲ್ಲ ಅಂದುಕೊಂಡಿದ್ದು. ಅಣ್ಣನಿಗೂ ಹಾಗೇ ಲೆಕ್ಕ ಹೇಳಿದ್ದು.

ಅವತ್ತು ಸಂಜೆ ಮೊದಲ ಬಾರಿಗೆ ಕೂತು ಎಸ್‌ಆರ್‌ಎ ವೆಬ್‌ಸೈಟ್ ಓದಿದೆ. ಎಸ್‌ಆರ್‌ಎ ಅಂದರೆ ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್‌ಗಳ ನಿಯಂತ್ರಣ ಸಂಸ್ಥೆ. ಪರೀಕ್ಷೆ ನಡೆಸುವುದು ಅವರ ಪರವಾಗಿ ಕಪ್ಲಾನ್ ಅನ್ನೋ ಕಂಪನಿ. ಅಲ್ಲಿ ಓದಿದ್ದು ಇಷ್ಟು: ಎಸ್‌ಕ್ಯೂಇ ಬರೆಯಲು ಯಾವ ಕೋಚಿಂಗೂ ಕಡ್ಡಾಯ ಅಲ್ಲ. ಕೋಚಿಂಗ್ ಕೋರ್ಸುಗಳಿಗೆ ಎಸ್‌ಆರ್‌ಎ ಮಾನ್ಯತೆ ಕೊಡುವುದೂ ಇಲ್ಲ. ಅಂದಮೇಲೆ "ಎಸ್‌ಆರ್‌ಎ ಅಪ್ರೂವ್ಡ್" ಎಲ್ಲಿಂದ ಬಂತು? ಸಂಸ್ಥೆಗಳ ಒಂದು ಪಟ್ಟಿ ಇದೆ, ಸರಿ, ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಅದು ಒಪ್ಪಿಗೆ ಅಲ್ಲ. ಒಂದೇ ಒಂದು ಪುಟ ಓದಿದ್ದರೆ ನವೆಂಬರಿನಲ್ಲೇ ಗೊತ್ತಾಗುತ್ತಿತ್ತು. ಉಚಿತವಾಗಿ ಓದಬಹುದಾಗಿದ್ದ ಪುಟ.

ಆಮೇಲೆ ಎಕ್ಸೆಂಪ್ಶನ್ ಪುಟ ತೆರೆದೆ. ಇದು ಎಲ್ಲಕ್ಕಿಂತ ಹೊಟ್ಟೆ ಉರಿಸಿದ ವಿಷಯ. ವಿನಾಯಿತಿ ಇದೆ, ಇಲ್ಲ ಅಂತಲ್ಲ. ಆದರೆ ಅದು ಯಾರಿಗೂ ತಾನಾಗಿಯೇ ಸಿಗುವುದಿಲ್ಲ. ಎಸ್‌ಆರ್‌ಎಗೆ ಅರ್ಜಿ ಹಾಕಬೇಕು, ಅವರೇ ತೀರ್ಮಾನ ಮಾಡುತ್ತಾರೆ. ಎರಡನೇ ಹಂತಕ್ಕೆ ಬರೀ ಸನದು ಸಾಲುವುದಿಲ್ಲ, ಎರಡು ವರ್ಷದ ವೃತ್ತಿ ಅನುಭವ ಕೇಳುತ್ತಾರೆ. ನನ್ನದು ಸೇರುವಾಗ ಐದು ತಿಂಗಳು! ಫೋನಲ್ಲಿ ಅವರು ಮೊದಲು ಕೇಳಿದ ಪ್ರಶ್ನೆಯೇ "ಸನದು ಯಾವಾಗ ಆಯ್ತು ಮೇಡಂ?" ಅಂತ. ಐದು ತಿಂಗಳು ಅಂತ ನಾನೇ ಬಾಯಿಬಿಟ್ಟು ಹೇಳಿದ್ದೇನೆ. ಗೊತ್ತಿದ್ದೂ "ಪರ್ಫೆಕ್ಟ್, ನಿಮಗೆ ಎಸ್‌ಕ್ಯೂಇ ಟೂ ಬೇಡವೇ ಬೇಡ" ಅಂದರು.

ವಿನಾಯಿತಿ ಇಲ್ಲ ಅಂದರೆ ಏನಾಗುತ್ತದೆ ನೋಡಿ. ಮೊದಲ ಹಂತವನ್ನು ಭಾರತದಲ್ಲೇ ಪಿಯರ್ಸನ್ ವ್ಯೂ ಅನ್ನೋ ಕಂಪನಿಯ ಪರೀಕ್ಷಾ ಕೇಂದ್ರದಲ್ಲಿ ಬರೆಯಬಹುದು. ಎರಡನೇ ಹಂತದಲ್ಲಿ 16 ಭಾಗ, ಅದರಲ್ಲಿ ನಾಲ್ಕು ಮೌಖಿಕ. ಕಕ್ಷಿದಾರರ ಜೊತೆ ಮಾತಾಡಿ ತೋರಿಸಬೇಕು, ವಾದ ಮಾಡಿ ತೋರಿಸಬೇಕು. ಮೌಖಿಕಕ್ಕೆ ಇಂಗ್ಲೆಂಡ್ ಅಥವಾ ವೇಲ್ಸ್‌ಗೇ ಹೋಗಬೇಕು. ಫೀಸು ಆಗ 2,902 ಪೌಂಡ್. ಅದರ ಮೇಲೆ ವೀಸಾ, ವಿಮಾನ, ಉಳಿದುಕೊಳ್ಳುವ ಖರ್ಚು. ಇದ್ಯಾವುದೂ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. "ಬೇಡವೇ ಬೇಡ" ಅಂದಿದ್ದರಲ್ಲ.

ಮಾರನೇ ದಿನ ಫೋನ್ ಮಾಡಿದೆ. ಆ ಕೌನ್ಸೆಲರ್ ಇಲ್ಲ, ಬಿಟ್ಟು ಹೋಗಿದ್ದಾರೆ ಅಂದರು. ಬೇರೆಯವರು ಮಾತಾಡಿದರು. ಅವರ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ. "ಮೇಡಂ, ನಾವು ಎಕ್ಸೆಂಪ್ಶನ್ ಅಸಿಸ್ಟೆನ್ಸ್ ಅಂತ ಹೇಳಿರ್ತೀವಿ, ಎಕ್ಸೆಂಪ್ಶನ್ ಅಂತ ಹೇಳಿರಲ್ಲ." ನನ್ನ ಹತ್ತಿರ ಕಾಲ್ ರೆಕಾರ್ಡ್ ಇರಲಿಲ್ಲ. "ನೀವೇ ಅಡ್ವೊಕೇಟ್ ಅಲ್ವಾ, ಟರ್ಮ್ಸ್ ಅಂಡ್ ಕಂಡೀಷನ್ಸ್ ಓದಿಲ್ವಾ?"

ಈ ಕೊನೇ ಮಾತಿದೆಯಲ್ಲ, ಅದು ಇವತ್ತಿಗೂ ರಾತ್ರಿ ಮಲಗಿದಾಗ ನೆನಪಾಗುತ್ತದೆ. ಮೋಸ ಮಾಡಿದ್ದು ಅವರು, ತಲೆ ತಗ್ಗಿಸಬೇಕಾಗಿ ಬಂದಿದ್ದು ನನಗೆ.

ಹೋಗಲಿ, ಪಾಠವಾದ್ರೂ ಚೆನ್ನಾಗಿತ್ತಾ ಅಂದ್ರೆ ಅದೂ ಇಲ್ಲ. ಮೊದಲ ಹಂತದಲ್ಲಿ ಎರಡು ಪತ್ರಿಕೆ, ಒಂದೊಂದರಲ್ಲಿ 180 ಪ್ರಶ್ನೆ. 90 ಪ್ರಶ್ನೆಗೆ 2 ಗಂಟೆ 33 ನಿಮಿಷ, ಅಂದರೆ ಒಂದು ಪ್ರಶ್ನೆಗೆ ಎರಡು ನಿಮಿಷವೂ ಸಿಗುವುದಿಲ್ಲ. ಪ್ರತಿ ಪ್ರಶ್ನೆಯೂ ಒಂದು ಸಣ್ಣ ಕಥೆ. ಯಾರೋ ಮನೆ ಮಾರುತ್ತಾರೆ, ಯಾರೋ ಉಯಿಲು ಬರೆಯದೆ ಸಾಯುತ್ತಾರೆ, ಈಗ ಸಾಲಿಸಿಟರ್ ಏನು ಹೇಳಬೇಕು ಅಂತ. ಐದು ಉತ್ತರದಲ್ಲಿ ಎರಡು ಮೂರು ಸರಿ ಅನ್ನಿಸುತ್ತವೆ, ಅದರಲ್ಲಿ ಅತ್ಯುತ್ತಮವಾದದ್ದನ್ನು ಹುಡುಕಬೇಕು. ಮಾದರಿ ಪ್ರಶ್ನೆಗಳು ಎಸ್‌ಕ್ಯೂಇ ವೆಬ್‌ಸೈಟಿನಲ್ಲಿ ಪುಕ್ಕಟೆ ಇವೆ, ನೋಡಿ. ಇವರ ಮಾಕ್ ಟೆಸ್ಟಿನಲ್ಲಿ ಏನಿತ್ತು ಗೊತ್ತಾ? "ಇಂಥ ಕಾಯ್ದೆ ಯಾವ ವರ್ಷದ್ದು?" ಅಂತ ಒಂದೊಂದು ಸಾಲಿನ ಪ್ರಶ್ನೆಗಳು. ಕ್ವಿಜ್ ಥರ. ಅದರಲ್ಲಿ ನನಗೆ 88 ಪರ್ಸೆಂಟ್ ಬಂದು ನಾನು ತಯಾರಾಗಿದ್ದೇನೆ ಅಂದುಕೊಂಡಿದ್ದೆ.

ನೋಟ್ಸೂ ಹಳೇದು. ಒಂದೇ ಉದಾಹರಣೆ ಕೊಡುತ್ತೇನೆ. ಕ್ಯಾಪಿಟಲ್ ಗೇನ್ಸ್ ತೆರಿಗೆ (ಷೇರು ಮುಂತಾದವನ್ನು ಮಾರಿದಾಗ ಬರುವ ಲಾಭದ ಮೇಲಿನ ತೆರಿಗೆ) 10 ಮತ್ತು 20 ಪರ್ಸೆಂಟ್ ಅಂತ ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿದ್ದರು. ನಾನು ಅದನ್ನು ಹಳದಿ ಪೆನ್ನಿನಲ್ಲಿ ಗುರುತು ಮಾಡಿ ಬಾಯಿಪಾಠ ಮಾಡಿದ್ದೆ. ಬ್ರಿಟನ್ ಸರ್ಕಾರದ ವೆಬ್‌ಸೈಟ್ ನೋಡಿದರೆ 2024ರ ಅಕ್ಟೋಬರ್ 30ರಿಂದಲೇ ಅದು 18 ಮತ್ತು 24 ಆಗಿದೆ. ಅಂದರೆ ನಾನು ಸೇರುವ ಮುಂಚೆಯೇ ಬದಲಾಗಿತ್ತು. ಪರೀಕ್ಷೆಗೆ ನಾಲ್ಕು ತಿಂಗಳ ಹಿಂದೆ ಕಾನೂನು ಹೇಗಿತ್ತೋ ಅದನ್ನೇ ಕೇಳುವುದು, ಹಾಗಾಗಿ ಜುಲೈ ಪರೀಕ್ಷೆಗೆ ಹೊಸ ದರವೇ ಬೇಕು. ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಇದನ್ನು ಹಾಕಿದೆ. ಅಡ್ಮಿನ್ ಉತ್ತರ: "ರೇಟ್ ಮುಖ್ಯ ಅಲ್ಲ ಮೇಡಂ, ಕಾನ್ಸೆಪ್ಟ್ ಮುಖ್ಯ." ಇನ್ನಿಬ್ಬರು "ನಮಗೂ ಇದೇ ಡೌಟ್" ಅಂತ ಬರೆದರು. ಅರ್ಧ ಗಂಟೆಯಲ್ಲಿ ಮೂವರನ್ನೂ ಗ್ರೂಪಿನಿಂದ ತೆಗೆದರು.

ಇಷ್ಟಾದರೂ ಪರೀಕ್ಷೆ ಬರೆಯಿರಿ ಅಂತ ಒತ್ತಾಯ. "ಫೇಲ್ ಆದ್ರೆ ಆಗ್ಲಿ ಮೇಡಂ, ಎಕ್ಸ್‌ಪೀರಿಯನ್ಸ್ ಆಗುತ್ತೆ." ಯಾಕೆ ಅಂತ ಆಮೇಲೆ ಗೊತ್ತಾಯಿತು. ಅವರ ನಿಯಮದಲ್ಲಿ ಒಂದು ಸಲ ಪರೀಕ್ಷೆಗೆ ಬುಕ್ ಮಾಡಿದರೆ ಅಲ್ಲಿಗೆ "ಸರ್ವೀಸ್ ಪೂರ್ತಿ ಕೊಟ್ಟ ಹಾಗೆ", ರಿಫಂಡ್ ಕೇಳುವಂತಿಲ್ಲ. ಆದರೆ ಎಸ್‌ಕ್ಯೂಇಯಲ್ಲಿ ಯಾರಿಗೇ ಆಗಲಿ ಆರು ವರ್ಷದೊಳಗೆ ಮೂರೇ ಅವಕಾಶ. ಅದರಲ್ಲಿ ಒಂದನ್ನು ಸುಮ್ನೆ ಹಾಳು ಮಾಡಿಕೊಳ್ಳಿ ಅಂತ ಹೇಳಿಕೊಡುತ್ತಿದ್ದರು! ಆ ಜುಲೈನಲ್ಲಿ ಮೊದಲ ಹಂತ ಪಾಸಾದವರು 41 ಪರ್ಸೆಂಟ್ ಮಾತ್ರ. ಇವರ ಜಾಹೀರಾತಿನಲ್ಲಿ 95 ಪರ್ಸೆಂಟ್ ಅಂತಿತ್ತು. ಯಾವ ಪರೀಕ್ಷೆಯಲ್ಲಿ, ಎಷ್ಟು ಜನರಲ್ಲಿ ಅಂತ ಕೇಳಿದೆ. "ಇಂಟರ್ನಲ್ ಡೇಟಾ ಮೇಡಂ." ನಾನು ಬರೆಯಲಿಲ್ಲ. ಅದೊಂದು ಮಾತ್ರ ಸರಿಯಾಗಿ ಮಾಡಿದೆ ಅನ್ನಿಸುತ್ತದೆ.

ರಿಫಂಡಿಗೆ ಏಳು ಇಮೇಲ್ ಹಾಕಿದೆ. ನಾಲ್ಕಕ್ಕೆ ಉತ್ತರವೇ ಇಲ್ಲ. ಒಂದಕ್ಕೆ "ಯುವರ್ ಕನ್ಸರ್ನ್ ಈಸ್ ಇಂಪಾರ್ಟೆಂಟ್ ಟು ಅಸ್". ಇನ್ನೊಂದಕ್ಕೆ, ಕೋರ್ಸ್ ಬಿಡುವುದಾದರೆ ಬೇರೆ ಯಾರಿಗಾದರೂ ವರ್ಗಾಯಿಸಿ ಅಂತ, ಅಂದರೆ ಇನ್ನೊಬ್ಬರನ್ನು ಈ ಹಳ್ಳಕ್ಕೆ ತಳ್ಳಿ ಅಂತ. ಕೊನೆಯದಕ್ಕೆ, ಸಾಲದ ವಿಷಯ ಸಾಲ ಕೊಟ್ಟವರ ಹತ್ತಿರ ಮಾತಾಡಿ ಅಂತ. ಸಾಲ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ, "ಕ್ಲಾಸಿನ ವಿಷಯ ನಮಗೆ ಸಂಬಂಧ ಇಲ್ಲ ಮೇಡಂ, ಲೋನ್ ನಿಮ್ಮ ಹೆಸರಲ್ಲಿದೆ, ಕಟ್ಟದಿದ್ರೆ ಸಿಬಿಲ್ ಹಾಳಾಗುತ್ತೆ." ಪೂರ್ತಿ ಹಣ ಸಂಸ್ಥೆಗೆ ಮೊದಲ ವಾರದಲ್ಲೇ ಹೋಗಿಯಾಗಿದೆ. ನನ್ನ ಕಂತು ಮಾತ್ರ ಪ್ರತಿ ತಿಂಗಳು 5ನೇ ತಾರೀಕು ಕಟ್ ಆಗುತ್ತದೆ. ಜೂನಿಯರ್ ವಕೀಲರಿಗೆ ಎಷ್ಟು ಸಿಗುತ್ತದೆ ಅಂತ ನಿಮಗೇ ಗೊತ್ತು. ಅರ್ಧದಷ್ಟು ಕಂತು ಕಟ್ಟಿರೋದು ಅಣ್ಣ. ಒಂದು ದಿನವೂ ಒಂದು ಮಾತು ಅಂದಿಲ್ಲ, ಅದೇ ಜಾಸ್ತಿ ಚುಚ್ಚುತ್ತದೆ.

ನನ್ನಿಂದ ಹೇಳೋಕಾಗೋದು ಇಷ್ಟೇ. ಯಾರೇ "ಅಪ್ರೂವ್ಡ್" ಅಂದರೆ ಎಸ್‌ಆರ್‌ಎ ವೆಬ್‌ಸೈಟಿನ ಯಾವ ಪುಟದಲ್ಲಿದೆ ತೋರಿಸಿ ಅನ್ನಿ. "ಎಕ್ಸೆಂಪ್ಶನ್" ಅಂದರೆ, ಅದು ಸಿಗದಿದ್ದರೆ ದುಡ್ಡು ವಾಪಸ್ ಅಂತ ಬರೆದು ಕೊಡಿ ಅನ್ನಿ, ಅಲ್ಲಿಗೆ ಅವರ ಫೋನ್ ನಿಲ್ಲುತ್ತದೆ. "ಸಪೋರ್ಟ್", "ಅಸಿಸ್ಟೆನ್ಸ್" ಅನ್ನೋ ಪದ ಬಂದ ಕಡೆ ರೂಪಾಯಿ ಎಷ್ಟು ಅಂತ ಕೇಳಿ. ಪಾಸಾದರೆ ಕೆಲಸ, ವೀಸಾ ಅಂತ ಹೇಳಿದರೆ ಫೋನ್ ಇಡಿ. ಎಸ್‌ಕ್ಯೂಇ ಪಾಸಾದ ಮಾತ್ರಕ್ಕೆ ವೀಸಾ ಬರುವುದಿಲ್ಲ, ಅದಕ್ಕೆ ಕೆಲಸ ಕೊಟ್ಟು ಸ್ಪಾನ್ಸರ್ ಮಾಡುವವರು ಬೇಕು. ಒಟಿಪಿ ಕೊಡುವ ಮುಂಚೆ ಅದು ಯಾವುದಕ್ಕೆ ಒಟಿಪಿ ಅಂತ ನೋಡಿ. ಎಲ್ಲ ಕೋಚಿಂಗೂ ಹೀಗೇ ಅಂತ ನಾನು ಹೇಳಲ್ಲ, ಚೆನ್ನಾಗಿ ಕಲಿಸುವವರೂ ಇದ್ದಾರೆ. ಆದರೆ ರಾತ್ರಿ ಹನ್ನೆರಡಕ್ಕೆ ಮುಗಿಯುವ ಆಫರ್ ಇಟ್ಟುಕೊಂಡವರ ಹತ್ತಿರ ಹೋಗಲೇಬೇಡಿ.

ಆಗಲೇ ಸಿಕ್ಕಿಕೊಂಡಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅವರ ಊರಿಗೆ ಅಲೆಯಬೇಕಿಲ್ಲ. ಕಟ್ಟಿದ ಮೊತ್ತ ಐದು ಲಕ್ಷದೊಳಗಿದ್ದರೆ ದೂರಿನ ಶುಲ್ಕವೂ ಇಲ್ಲ. ವಾಟ್ಸಾಪ್ ಗ್ರೂಪಿನಿಂದ ತೆಗೆಯುವ ಮುಂಚೆ ಎಲ್ಲ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾನು ತಡ ಮಾಡಿದೆ, ಅರ್ಧ ಮಾತ್ರ ಉಳಿದಿವೆ.

ಗ್ರೂಪಿನಿಂದ ನನ್ನ ಜೊತೆ ಹೊರಬಿದ್ದ ಆ ಇಬ್ಬರು ಸಿಕ್ಕಿದ್ದಾರೆ, ಅವರ ಕಥೆಯೂ ಇದೇ. ಮೂವರೂ ಸೇರಿ ನೋಟಿಸ್ ಕಳಿಸಿದ್ದೇವೆ. ಡ್ರಾಫ್ಟ್ ನಾನೇ ಮಾಡಿದೆ, ಸೀನಿಯರ್ ಒಂದು ಅಲ್ಪವಿರಾಮವನ್ನೂ ತಿದ್ದದೆ ಸಹಿ ಹಾಕಿದರು. ಉತ್ತರಕ್ಕೆ ಕೊಟ್ಟ 15 ದಿನ ಬರುವ ಸೋಮವಾರಕ್ಕೆ ಮುಗಿಯುತ್ತದೆ. ಇನ್ನೂ ಐದು ಕಂತು ಬಾಕಿ ಇದೆ.