ಇಂಕಿನ ಕಲೆಯ ರೇಷ್ಮೆ ಸ್ಟೋಲ್: ಆರು ತಿಂಗಳು ಹೊದ್ದ ಮೇಲೆ

ಇಂಕಿನ ಕಲೆಗಳ ಪ್ರಿಂಟ್ ಇರುವ ರೇಷ್ಮೆ ಸ್ಟೋಲ್ ಅಂತ ಅಕ್ಕ ಫೋಟೋ ಕಳಿಸಿದಾಗ ನನಗೆ ಮೊದಲು ಆತಂಕವಾಯಿತು. ನಾನು ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞೆ. ಇಂಕಿನ ಕಲೆ ತೋರಿಸಿ ಏನು ಕಾಣುತ್ತೆ ಅಂತ ಕೇಳುವ ರೋರ್ಶಾಕ್ ಪರೀಕ್ಷೆಯ ಕಾರ್ಡುಗಳನ್ನೇ ಬಟ್ಟೆಗೆ ಅಚ್ಚು ಹಾಕಿಬಿಟ್ಟರಾ ಅಂತ. ಸ್ವಿಸ್ ವೈದ್ಯ ಹರ್ಮನ್ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ್ದು 10 ಕಾರ್ಡು. ಇವತ್ತಿಗೂ ಅವೇ ಹತ್ತು. ಮೊದಲ ಸಲ ನೋಡಿದಾಗ ಏನು ಕಾಣುತ್ತೆ ಅನ್ನೋದೇ ಅಲ್ಲಿ ಮುಖ್ಯ. ಯಾರದೋ ಹೆಗಲ ಮೇಲೆ ದಿನಾ ನೋಡಿದವರಿಗೆ ಅದನ್ನೇ ತೋರಿಸಿ ಏನು ಪ್ರಯೋಜನ?

ಅಂಗಡಿಗೆ ಹೋಗಿ ಬಿಡಿಸಿ ನೋಡಿದೆ. ಸದ್ಯ, ಕಲೆಗಳೆಲ್ಲ ಅವರದ್ದೇ. ಕಾಗದಕ್ಕೆ ಇಂಕು ಚೆಲ್ಲಿ, ಮಡಚಿ, ಒತ್ತಿ, ಸ್ಕ್ಯಾನ್ ಮಾಡಿ ಡಿಜಿಟಲ್ ಪ್ರಿಂಟ್ ಹಾಕಿದ್ದಂತೆ. ಶಾಲೆಯಲ್ಲಿ ನಾವೂ ನೋಟ್‌ಬುಕ್ಕಿನ ಹಾಳೆಯಲ್ಲಿ ಹೀಗೆ ಚಿಟ್ಟೆ ಮಾಡ್ತಿದ್ದೆವು ಅಲ್ವಾ? ರೋರ್ಶಾಕ್‌ಗೂ ಹುಡುಗನಾಗಿದ್ದಾಗ ಈ ಆಟದ ಹುಚ್ಚಿತ್ತು. ಗೆಳೆಯರು 'ಕ್ಲೆಕ್ಸ್', ಅಂದರೆ ಇಂಕಿನ ಕಲೆ, ಅಂತಲೇ ಕರೆಯುತ್ತಿದ್ದರು.

ಬಟ್ಟೆ ಕ್ರೇಪ್ ರೇಷ್ಮೆ. ಅಪ್ಪಟ ರೇಷ್ಮೆ ಅನ್ನೋ ಸಿಲ್ಕ್ ಮಾರ್ಕ್ ಚೀಟಿ ಇತ್ತು. ಅಂಚನ್ನು ಕೈಯಲ್ಲೇ ಸುರುಳಿ ಸುತ್ತಿ ಹೊಲಿದಿದ್ದಾರೆ. ಸವರಿದರೆ ಹೊಲಿಗೆ ಬೆರಳಿಗೆ ಸಿಗುತ್ತೆ. ಕಪ್ಪಂತೂ ಬಲು ಚೆಂದ. ನಡುವೆ ಗಟ್ಟಿ, ಅಂಚಿಗೆ ಬರುತ್ತಾ ಬೂದಿ, ಕೊನೆಗೆ ನೀರು ಹರಡಿ ಒಣಗಿದ ಗೆರೆ. ಪರೀಕ್ಷೆಯಲ್ಲೂ ಇಂಥ ಛಾಯೆಯನ್ನು ಯಾರು ಗಮನಿಸಿದರು ಅಂತ ನಾವು ಬರೆದುಕೊಳ್ಳುತ್ತೇವೆ. ಅದನ್ನು ರೇಷ್ಮೆಯಲ್ಲಿ ಹಿಡಿದಿದ್ದಾರಲ್ಲ, ನನಗೆ ಅಷ್ಟು ಸಾಕು.

ಬೇಸರ ಕೆಂಪಿನದ್ದು. ಎರಡನೆಯದು ಕೆಂಪು ಬೆರೆತದ್ದು ಕೊಂಡಿದ್ದೆ, 4,200 ರೂಪಾಯಿ. ಮೊದಲ ಸಲ ತಣ್ಣೀರಿಗೆ ಅದ್ದಿದಾಗಲೇ ನೀರೆಲ್ಲ ಗುಲಾಬಿ. ಪ್ರಿಂಟ್ ಆದ ಮೇಲೆ ಸರಿಯಾಗಿ ಹಬೆ ಕೊಡದಿದ್ದರೆ ಬಣ್ಣ ಎಳೆಗೆ ಹಿಡಿಯಲ್ಲ. ಕೇಳಿದ್ದಕ್ಕೆ "ಡ್ರೈ ಕ್ಲೀನೇ ಮಾಡಿಸಬೇಕು ಮೇಡಂ" ಅಂದರು. ಅದನ್ನು ಚೀಟಿಯಲ್ಲಿ ಬರೆಯಬೇಕಿತ್ತು. ಚೀಟಿಯಲ್ಲಿ ಇದ್ದದ್ದು 'ನಿಮ್ಮ ಮನಸ್ಸು ಓದುವ ಸ್ಟೋಲ್' ಅಂತ. ಇದು ನನಗೆ ಜಾಸ್ತಿ ನೋವು ಕೊಟ್ಟಿತು. ಇಂಕಿನ ಕಲೆ ಯಾರ ಮನಸ್ಸನ್ನೂ ಓದಲ್ಲ. ಒಬ್ಬರ ಉತ್ತರಗಳನ್ನು ಒಂದೊಂದಾಗಿ ಅಂಕಕ್ಕೆ ಇಳಿಸೋದು ವರ್ಷಗಟ್ಟಲೆ ಕಲಿಯೋ ಕೆಲಸ. ಆ ಸಾಲು ತೆಗೆಯಿರಿ ಅಂತ ಅಂಗಡಿಯಲ್ಲೇ ಹೇಳಿ ಬಂದೆ.

ಕೆಂಪು ಬೇಡ, ಕಪ್ಪು-ಬೂದಿ ಖಂಡಿತ ತಗೊಳ್ಳಿ. ಹೊದ್ದರೆ ಕಲೆಯ ಅರ್ಧ ಬೆನ್ನಿಗೆ ಹೋಗುತ್ತೆ, ಉಳಿದದ್ದು ಮಡಿಕೆಯಲ್ಲಿ ಸೇರುತ್ತೆ. ಸಂಜೆ ಬೀರುವಿನಲ್ಲಿಡಲು ನಡುಗೆರೆಗೆ ಸರಿಯಾಗಿ ಮಡಚಿದಾಗ ಎರಡೂ ಬದಿ ಒಂದರ ಮೇಲೊಂದು ಕೂರುತ್ತವೆ, ಇಂಕು ಹಸಿಯಿದ್ದಾಗ ಕೂತ ಹಾಗೇ.