ಗೇಣುದ್ದ ಜಿಗಿಯುವ ರೋವರ್: ಎರಡು ಎಂಜಿನ್‌ಗಳ ಹೋಲಿಕೆ

ನನ್ನ ಓಟು ಗೊಡೋ ಎಂಜಿನ್‌ಗೆ. ಎಂಜಿನ್ ಎಂದರೆ ಇಲ್ಲಿ ಗಾಡಿಯದಲ್ಲ, ಕಂಪ್ಯೂಟರ್ ಆಟ ಕಟ್ಟುವ ತಂತ್ರಾಂಶ. 2,400 ರೂಪಾಯಿ ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು.

ಬೀದರ್‌ನ ನೌಬಾದಿನಲ್ಲಿ ಕುಳಿತು ನಾವು ಮೂವರು ಗೆಳೆಯರು ಮಂಗಳ ಗ್ರಹದಲ್ಲಿ ವಸಾಹತು ಕಟ್ಟುವ ಮುಕ್ತ, ಅಂದರೆ ಕಡತಗಳೆಲ್ಲ ಎಲ್ಲರಿಗೂ ತೆರೆದಿರುವ, ಸಿಮ್ಯುಲೇಷನ್ ಬರೆಯುತ್ತಿದ್ದೇವೆ. ಮೊದಲ ಐದು ತಿಂಗಳು ಒಂದು ವಾಣಿಜ್ಯ ಎಂಜಿನ್‌ನಲ್ಲಿ ಕಳೆದವು. ಹೆಸರು ಬೇಡ, ಎಡವಿದ್ದು ನಾನೇ. ಅದರ ಅಂಗಡಿಯಲ್ಲಿ ಮಂಗಳದ ನೆಲದ ಚಿತ್ರಗಳ ಒಂದು ಕಟ್ಟು ಕೊಂಡೆ. ನಮ್ಮ ಕಡತಗಳನ್ನು ಎಲ್ಲರಿಗೂ ತೆರೆದಿಡುವ ರೆಪಾಸಿಟರಿಗೆ ಹಾಕುವ ದಿನ ಪರವಾನಗಿ ಓದಿದರೆ, ಆಟದೊಳಗೆ ಬಳಸಬಹುದು, ಮೂಲ ಕಡತ ಹಂಚುವಂತಿಲ್ಲ! ಈಗ ನಮ್ಮ ಮಂಗಳದ ನೆಲವೆಂದರೆ ಊರಾಚೆಯ ಜಂಬಿಟ್ಟಿಗೆ ಕಲ್ಲಿನ ಫೋಟೊ. ಅಲ್ಲಿಯೂ ಇಲ್ಲಿಯೂ ಆ ಕೆಂಪು ಕಬ್ಬಿಣದ ತುಕ್ಕಿನದೇ. ನಡುವೆ ಬಿದ್ದಿದ್ದ ಮೇಕೆ ಹಿಕ್ಕೆಯನ್ನು ಅಳಿಸಿದ್ದೇವೆ.

ನಿಜವಾದ ತಲೆನೋವು ನಡುಕದ್ದು. ನಾವೇನೂ ಬದಲಿಸದಿದ್ದರೆ ಎರಡೂ ಎಂಜಿನ್‌ಗಳು ವಸ್ತುವಿನ ಸ್ಥಾನವನ್ನು 32 ಬಿಟ್ ಫ್ಲೋಟ್ ಸಂಖ್ಯೆಯಲ್ಲಿ ಇಡುತ್ತವೆ. ಸಂಖ್ಯೆ ದೊಡ್ಡದಾದಷ್ಟೂ ಅದರ ನಿಖರತೆ ಒರಟಾಗುತ್ತದೆ. ಮಂಗಳದ ತ್ರಿಜ್ಯ ಸುಮಾರು 3,390 ಕಿ.ಮೀ. ಗ್ರಹದ ಕೇಂದ್ರವನ್ನು ಸೊನ್ನೆ ಎಂದಿಟ್ಟುಕೊಂಡು ಮೀಟರಿನಲ್ಲಿ ಅಳೆದರೆ, ಅಷ್ಟು ದೂರದಲ್ಲಿ ಆ ಸಂಖ್ಯೆ ಇಡಬಲ್ಲ ಅತಿ ಸಣ್ಣ ಹೆಜ್ಜೆ 25 ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ಗೇಣು. ನಮ್ಮ ರೋವರ್ ತೆವಳುವ ಬದಲು ಗೇಣು ಗೇಣು ಜಿಗಿಯುತ್ತಿತ್ತು. ಗಗನಯಾತ್ರಿಯ ತಲೆ ಒಂದು ಕಡೆ, ಹೆಲ್ಮೆಟ್ ಇನ್ನೊಂದು ಕಡೆ.

ವಾಣಿಜ್ಯ ಎಂಜಿನ್‌ನಲ್ಲಿ ನಮಗೆ ಸಿಕ್ಕ ಮದ್ದು ಒಂದೇ: ರೋವರ್ ಹೋದಲ್ಲೆಲ್ಲ ಸೊನ್ನೆಯನ್ನೂ ಹೊತ್ತೊಯ್ಯುವುದು. ಹೊತ್ತೆವು. ಸೊನ್ನೆ ಸರಿದಾಗಲೆಲ್ಲ ಚಕ್ರದ ಧೂಳು ಮಾತ್ರ ಹಿಂದೆಯೇ ಗಾಳಿಯಲ್ಲಿ ನಿಂತಿರುತ್ತಿತ್ತು. ಒಳಗೆ ಕೈಹಾಕಿ ಸರಿಪಡಿಸೋಣವೆಂದರೆ ಮೂಲ ಕೋಡ್ ನಮ್ಮ ಕೈಯಲ್ಲಿಲ್ಲ.

ಗೊಡೋ ಎಂಐಟಿ ಪರವಾನಗಿಯದು, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು; ಕೋಡ್ ಪೂರ್ತಿ ಬಯಲು. ಸ್ಥಾನವನ್ನು ಇನ್ನೂ ಸೂಕ್ಷ್ಮವಾಗಿ ಇಡುವ 64 ಬಿಟ್ ನಿಖರತೆಯಲ್ಲಿ ನಾಲ್ಕನೇ ಆವೃತ್ತಿಯನ್ನು ನಾವೇ ಕಂಪೈಲ್ ಮಾಡಿಕೊಳ್ಳಬಹುದು, ಅಂದರೆ ಮೂಲ ಕೋಡಿನಿಂದ ಓಡುವ ತಂತ್ರಾಂಶವಾಗಿ ಕಟ್ಟಿಕೊಳ್ಳಬಹುದು. ನನ್ನದು 8 ಜಿಬಿಯ ಹಳೆಯ ಲ್ಯಾಪ್‌ಟಾಪ್, ಬ್ಯಾಟರಿ ಸತ್ತು ವರ್ಷವಾಗಿದೆ. ಬೆಳಿಗ್ಗೆ ಹಚ್ಚಿದ್ದು, ಎರಡು ಸಲ ಕರೆಂಟ್ ಹೋಗಿ ಬಂದು, ಮುಗಿದಾಗ ದೀಪ ಹಚ್ಚುವ ಹೊತ್ತು. ರೋವರನ್ನು ಇಳಿಸಿದೆ. ಅಲುಗದೆ ನಿಂತಿತು. ಹತ್ತು ನಿಮಿಷ ಅದನ್ನೇ ನೋಡುತ್ತ ಕುಳಿತಿದ್ದೆ.

ನೋಟದ ಸೊಗಸಿನಲ್ಲಿ ವಾಣಿಜ್ಯ ಎಂಜಿನ್ನೇ ಮುಂದು. ಕಲಿಯಲು ವಿಡಿಯೊಗಳೂ ಅದಕ್ಕೇ ಹೆಚ್ಚು.

ಆದರೆ ನನಗೆ ಸಿಮ್ಯುಲೇಷನ್‌ನೊಳಗಿನ ಅಂಕಿಗಳನ್ನು ಗಳಿಗೆಗೊಮ್ಮೆ ಬದಲಿಸುವ ಚಟ. ಉದಾಹರಣೆಗೆ ಆಮ್ಲಜನಕದ ಲೆಕ್ಕ. ಮಂಗಳದ ಮೇಲಿನ ನಾಸಾದ ಪರ್ಸೀವರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಯಂತ್ರ ಅತಿ ಹೆಚ್ಚೆಂದರೆ ಗಂಟೆಗೆ 12 ಗ್ರಾಂ ಆಮ್ಲಜನಕ ತಯಾರಿಸಿತು. ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕು. ಅಂದರೆ ತಲೆಗೆ ಅಂಥ ಮೂರು ಯಂತ್ರ. ಇಷ್ಟು ತಿದ್ದಿದರೂ ಹಳೆಯ ಎಂಜಿನ್ ನನ್ನ ಯಂತ್ರದಲ್ಲಿ ಮತ್ತೆ ಕಂಪೈಲ್ ಆಗುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಗೊಡೋದಲ್ಲಿ ಉಳಿಸಿದ ಕೂಡಲೇ ಓಡುತ್ತದೆ.

ಚಿತ್ರವೇ ಬೇಡ, ಲೆಕ್ಕ ಸಾಕು ಎನ್ನುವವರು ಜಾವಾದಲ್ಲಿರುವ ಮಾರ್ಸ್ ಸಿಮ್ಯುಲೇಷನ್ ಪ್ರಾಜೆಕ್ಟ್‌ನ ಕೋಡ್ ತೆರೆದು ನೋಡಲಿ.

ಗೊಡೋದಲ್ಲೂ ಒಂದು ಕಿರಿಕಿರಿ ಇದೆ. ಹೊಸದಾಗಿ ಸೇರುವವರಿಗೆಲ್ಲ ನಾವು ಕಂಪೈಲ್ ಮಾಡಿದ ಆವೃತ್ತಿಯನ್ನೇ ಕೊಡಬೇಕು. ಕಳೆದ ವಾರ ಹುಮನಾಬಾದಿನ ಹುಡುಗನೊಬ್ಬ ಅದಕ್ಕೆಂದೇ ಬಸ್ ಹತ್ತಿ ಬಂದ. ಪೆನ್‌ಡ್ರೈವ್ ತಂದಿರಲಿಲ್ಲ, ನನ್ನದನ್ನೇ ಒಯ್ದ. ಇನ್ನೂ ಮರಳಿಸಿಲ್ಲ.