ಪೈಲಟ್ ಪೇಪರ್‌ಗಳಿಗೆ ಓದೋದು ಎಲ್ಲಿ: ಧಾರವಾಡದ ರೂಮು, ಆನ್‌ಲೈನ್ ಕ್ಲಾಸು, ದೆಹಲಿ ಕೋಚಿಂಗು

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಓದೋಕೆ ದೆಹಲಿಗೆ ಹೋಗಲೇಬೇಕಾ ಅಂತ ಹುಬ್ಬಳ್ಳಿ-ಧಾರವಾಡದ ಹುಡುಗ-ಹುಡುಗಿಯರು ಕೇಳುತ್ತಾರೆ, ಅವರಿಗಿಂತ ಜಾಸ್ತಿ ಅವರ ಅಪ್ಪ-ಅಮ್ಮ ಕೇಳುತ್ತಾರೆ. ನಾನು ಮೂರೂ ಕಡೆ ಓದಿದ್ದೇನೆ. ಮೊದಲು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಒಬ್ಬಳೇ, ಆಮೇಲೆ ಅದೇ ರೂಮಿನಲ್ಲಿ ಸಂಜೆ ಆನ್‌ಲೈನ್ ಕ್ಲಾಸು, ಕೊನೆಗೆ ದೆಹಲಿಯ ದ್ವಾರಕಾದಲ್ಲಿ ಬೆಂಚಿನ ಮೇಲೆ ಕೂತು. ನನ್ನ ಮಾತು ಇಷ್ಟೇ: ಎಲ್ಲಾ ಪೇಪರ್‌ಗೂ ಸೇರಿಸಿ ಒಂದೇ ಪ್ಯಾಕೇಜ್ ಕೊಳ್ಳಬೇಡಿ. ಒಂದೊಂದು ಪೇಪರ್‌ಗೂ ಒಂದೊಂದು ದಾರಿ ಸರಿ ಹೋಗುತ್ತದೆ.

ಈ ಲೈಸೆನ್ಸ್ ಕೊಡೋದು ದೇಶದ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ. ಅದರ ಪೇಪರ್ ಅಂದರೆ ನ್ಯಾವಿಗೇಷನ್ (ದಾರಿ-ದಿಕ್ಕಿನ ಲೆಕ್ಕ), ಮೆಟಿಯೊರಾಲಜಿ (ಹವಾಮಾನ), ಏರ್ ರೆಗ್ಯುಲೇಷನ್ಸ್ (ಕಾನೂನು-ನಿಯಮ), ಟೆಕ್ನಿಕಲ್ ಜನರಲ್ (ವಿಮಾನ, ಎಂಜಿನ್ ಕೆಲಸ ಮಾಡುವ ರೀತಿ), ಟೆಕ್ನಿಕಲ್ ಸ್ಪೆಸಿಫಿಕ್ (ಒಂದು ನಿರ್ದಿಷ್ಟ ವಿಮಾನದ ಬಗ್ಗೆ). ಪ್ರತಿಯೊಂದರಲ್ಲೂ 70 ಪರ್ಸೆಂಟ್ ಬರಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ. ಇದರ ಜೊತೆಗೆ ರೇಡಿಯೊದಲ್ಲಿ ಮಾತಾಡುವ ಆರ್‌ಟಿಆರ್ ಪರೀಕ್ಷೆ ಬೇರೆ.

ಸಪ್ತಾಪುರದಲ್ಲಿ ಓದುವ ವಾತಾವರಣಕ್ಕೆ ಏನೂ ಕಮ್ಮಿ ಇಲ್ಲ. ಪಿಎಸ್‌ಐ, ಕೆಎಎಸ್ ಅಂತ ಬೆಳಗ್ಗೆಯಿಂದ ರಾತ್ರಿ ತನಕ ಲೈಬ್ರರಿ ಬಿಟ್ಟು ಏಳದವರ ನಡುವೆ ಕೂತರೆ ನಮಗೂ ಏಳೋಕೆ ಮನಸ್ಸು ಬರಲ್ಲ. ಖರ್ಚು ರೂಮಿನ ಬಾಡಿಗೆ, ಮೆಸ್ಸು, ಪುಸ್ತಕ, ಅಷ್ಟೇ. ಕಷ್ಟ ಏನಂದರೆ, ಒಂದು ಲೆಕ್ಕ ಹತ್ತಲಿಲ್ಲ ಅಂದರೆ ಕೇಳೋಕೆ ಯಾರೂ ಸಿಗಲ್ಲ. ಪಕ್ಕದವರಿಗೆ ಸಂವಿಧಾನ ಗೊತ್ತು, ಸಂಕಲನ-ವ್ಯವಕಲನ ಗೊತ್ತು, ಗಾಳಿ ಪಕ್ಕಕ್ಕೆ ತಳ್ಳಿದ್ದಕ್ಕೆ ದಿಕ್ಕು ತಿದ್ದುವ ವಿಂಡ್ ಕರೆಕ್ಷನ್ ಗೊತ್ತಿಲ್ಲ.

ಆದರೆ ಮೆಟಿಯೊರಾಲಜಿಗೆ ಧಾರವಾಡವೇ ಸಾಕು. ಬೆಟ್ಟ ಏರುವ ಗಾಳಿ ತಂಪಾಗಿ ಮಳೆ ಸುರಿಸುತ್ತದೆ, ದಾಟಿದ ಮೇಲೆ ಒಣಗುತ್ತದೆ ಅಂತ ಪುಸ್ತಕ ಹೇಳುತ್ತದೆ. ಜುಲೈಯಲ್ಲಿ ಬಸ್ ಹತ್ತಿ ಪಶ್ಚಿಮಕ್ಕೆ, ಮಳೆ ಸುರಿಯುವ ಹಳಿಯಾಳದ ಕಡೆ ಹೋಗಿ, ಇನ್ನೊಂದು ದಿನ ಪೂರ್ವಕ್ಕೆ, ಒಣ ನವಲಗುಂದದ ಕಡೆ ಹೋಗಿ, ಆ ಪಾಠ ಮತ್ತೆ ಮರೆಯಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಅಡ್ಡಮಳೆ ಬರುವ ಮುಂಚೆ ಸಂಜೆ ಮಾಳಿಗೆ ಹತ್ತಿ ನಿಂತರೆ ಮೋಡ ಹೂಕೋಸಿನ ಹಾಗೆ ಉಬ್ಬಿ ಮೇಲೇರೋದು, ಆಮೇಲೆ ತಲೆ ಚಪ್ಪಟೆಯಾಗಿ ಒಂದು ಕಡೆ ಹರಡೋದು ಕಣ್ಣಿಗೇ ಕಾಣುತ್ತದೆ. ಅದೇ ಕ್ಯುಮುಲೊನಿಂಬಸ್, ಗುಡುಗು-ಮಿಂಚಿನ ಮೋಡ. ಜೊತೆಗೆ ದಿನಾ ಹುಬ್ಬಳ್ಳಿ ವಿಮಾನ ನಿಲ್ದಾಣದ ಮೆಟಾರ್ (ನಿಲ್ದಾಣದ ಹವಾಮಾನ ವರದಿ) ತೆಗೆದು ಓದಿ, ಆಮೇಲೆ ಆಕಾಶ ನೋಡಿ. ಇದಕ್ಕೆ ಯಾವ ಕೋಚಿಂಗೂ ಬೇಡ.

ರೆಗ್ಯುಲೇಷನ್ಸ್ ಕೂಡ ಒಬ್ಬರೇ ಓದುವ ಪೇಪರ್ರೇ, ನೆನಪಿಟ್ಟುಕೊಂಡರೆ ಆಯ್ತು. ಒಂದು ಎಚ್ಚರ ಮಾತ್ರ ಬೇಕು. 1934ರ ಏರ್‌ಕ್ರಾಫ್ಟ್ ಆಕ್ಟ್ ಹೋಗಿ ಭಾರತೀಯ ವಾಯುಯಾನ ಅಧಿನಿಯಮ 2024 ಬಂದಿದೆ, 2025ರ ಜನವರಿ 1ರಿಂದ ಅದೇ ಜಾರಿಯಲ್ಲಿದೆ. ನಾನು ದುಡ್ಡು ಕೊಟ್ಟ ಆನ್‌ಲೈನ್ ಕೋರ್ಸಿನಲ್ಲಿ ರೆಕಾರ್ಡ್ ಮಾಡಿಟ್ಟ ಪಾಠ ಇನ್ನೂ 1934ರಲ್ಲೇ ನಿಂತಿತ್ತು. ಕೇಳಿದರೆ, ಅಪ್‌ಡೇಟ್ ಮಾಡ್ತೀವಿ ಮೇಡಂ ಅಂದರು, ಮಾಡಲಿಲ್ಲ. ಹಳೆ ನೋಟ್ಸ್ ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ಇದನ್ನು ನೋಡಿಕೊಳ್ಳಿ.

ಹಾಗಂತ ಆನ್‌ಲೈನ್ ಪೂರ್ತಿ ದಂಡ ಅಲ್ಲ. ಟೆಕ್ನಿಕಲ್ ಜನರಲ್‌ಗೆ ನನಗೆ ಅದೇ ಚೆನ್ನಾಗಿ ಹಿಡಿಸಿತು. ಎಂಜಿನ್‌ಗೆ ಗಾಳಿ-ಇಂಧನ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಒಳಗೆ ಗಾಳಿ ಹೇಗೆ ಹೋಗುತ್ತದೆ, ಎಲ್ಲಿ ತಂಪಾಗುತ್ತದೆ ಅನ್ನೋದು ಪುಟದ ಮೇಲಿನ ಚಿತ್ರಕ್ಕಿಂತ ಓಡುವ ಚಿತ್ರದಲ್ಲಿ ಬೇಗ ತಲೆಗೆ ಹೋಗುತ್ತದೆ, ತಿಳಿಯದಿದ್ದರೆ ಹಿಂದಕ್ಕೆ ಎಳೆದು ಮತ್ತೆ ನೋಡಬಹುದು. ಹೊರಗೆ 20 ಡಿಗ್ರಿ ಇದ್ದರೂ ಗಾಳಿಯಲ್ಲಿ ತೇವ ಇದ್ದರೆ ಕಾರ್ಬ್ಯುರೇಟರ್‌ನಲ್ಲಿ ಐಸ್ ಕಟ್ಟುತ್ತದೆ. ಅಂದರೆ ನಮ್ಮ ಮಳೆಗಾಲದ ಹವಾನೇ ಅಲ್ವಾ! ತರಬೇತಿ ವಿಮಾನ ಸೆಸ್ನಾ 152ರಲ್ಲಿ ಕಾರ್ಬ್ಯುರೇಟರ್ ಬಿಸಿ ಮಾಡುವ ಕಾರ್ಬ್ ಹೀಟ್ ನಾಬ್ ಯಾಕಿದೆ, ಕಾರ್ಬ್ಯುರೇಟರ್ ಬದಲು ಫ್ಯುಯಲ್ ಇಂಜೆಕ್ಷನ್ ಇರುವ ಸೆಸ್ನಾ 172ಎಸ್‌ನಲ್ಲಿ ಯಾಕಿಲ್ಲ ಅನ್ನೋದು ಆಗ ತಾನಾಗೇ ಹೊಳೆಯುತ್ತದೆ.

ಆರ್‌ಟಿಆರ್‌ಗೂ ಆನ್‌ಲೈನೇ ಸೈ, ಆದರೆ ಪಾಠ ಕೇಳೋಕಲ್ಲ, ಜೋಡಿ ಹುಡುಕೋಕೆ. ರಾತ್ರಿ ಊಟ ಆದ ಮೇಲೆ ಒಬ್ಬರು ಟವರ್, ಒಬ್ಬರು ಪೈಲಟ್ ಆಗಿ ಫೋನಿನಲ್ಲಿ ಜೋರಾಗಿ ಮಾತಾಡಿ. ತುರ್ತಿನ ಕರೆ ಪ್ಯಾನ್-ಪ್ಯಾನ್ ಯಾವಾಗ, ಜೀವಕ್ಕೇ ಅಪಾಯ ಇದ್ದಾಗಿನ ಕರೆ ಮೇಡೇ ಯಾವಾಗ, ರೇಡಿಯೊ ಕೆಟ್ಟರೆ ರೇಡಾರ್‌ಗೆ ತಿಳಿಸೋಕೆ ಹಾಕುವ ಕೋಡ್ 7600 ಅನ್ನೋದೆಲ್ಲ ಬಾಯಿಗೆ ಬರಬೇಕು. ಸುಮ್ನೆ ಕಣ್ಣಲ್ಲಿ ಓದಿದರೆ ಆ ಹೊತ್ತಿಗೆ ನಾಲಿಗೆ ತೊದಲುತ್ತದೆ.

ಇನ್ನು ನ್ಯಾವಿಗೇಷನ್. ಇದೊಂದಕ್ಕೆ ದೆಹಲಿಗೆ ಹೋದದ್ದು ಸಾರ್ಥಕ ಆಯ್ತು, ಮನೆಯಲ್ಲೂ ಹಾಗೇ ಹೇಳಿದೆ. ಫ್ಲೈಟ್ ಕಂಪ್ಯೂಟರ್ ಅಂದರೆ ಕೈಯಲ್ಲಿ ತಿರುಗಿಸುವ ದುಂಡನೆ ತಟ್ಟೆ. ಅದರ ಮೇಲೆ ಗಾಳಿಯ ದಿಕ್ಕು-ವೇಗಕ್ಕೆ ಒಂದು ಚುಕ್ಕೆ ಇಡಬೇಕು. ಗಾಳಿ ಎಲ್ಲಿಂದ ಬರುತ್ತದೆ ಅನ್ನೋದನ್ನೇ ವರದಿಯಲ್ಲಿ ಕೊಡುತ್ತಾರೆ, ಎಲ್ಲಿಗೆ ಹೋಗುತ್ತದೆ ಅಂತಲ್ಲ. ನನ್ನ ಪಕ್ಕ ಕೂತಿದ್ದ ಹುಡುಗ ಅದನ್ನು ಉಲ್ಟಾ ಇಡುತ್ತಿದ್ದ, ಪ್ರತಿ ಉತ್ತರವೂ ಉಲ್ಟಾ ಬರುತ್ತಿತ್ತು. ಸರ್ ಹಿಂದೆ ಬಂದು ನಿಂತು ಅವನ ಬೆರಳು ನೋಡಿದರು, ಅಷ್ಟೇ ಸಾಕಾಯ್ತು. ಕ್ಯಾಮೆರಾದಲ್ಲಿ ಮುಖ ಕಾಣುತ್ತದೆ, ಬೆರಳು ಕಾಣಲ್ಲ.

ಒನ್ ಇನ್ ಸಿಕ್ಸ್ಟಿ ನಿಯಮವೂ ಬೋರ್ಡಿನ ಮೇಲೇ ಸಲೀಸಾಯ್ತು, ನಾನು ಅದನ್ನು ನಮ್ಮ ಊರಿಗೆ ಹಾಕಿಕೊಂಡೆ. 60 ನಾಟಿಕಲ್ ಮೈಲಿ ಹಾರುವಾಗ 1 ಮೈಲಿ ಪಕ್ಕಕ್ಕೆ ಸರಿದರೆ ದಿಕ್ಕು 1 ಡಿಗ್ರಿ ತಪ್ಪಿದೆ ಅಂತ ಲೆಕ್ಕ. ಹುಬ್ಬಳ್ಳಿಯಿಂದ ಕೊಪ್ಪಳಕ್ಕೆ ನೇರ ಹಾರಿದರೆ ಸುಮಾರು 60 ಮೈಲಿ, ಗದಗಿನ ಹತ್ತಿರ ಅರ್ಧ ದಾರಿ. ಅಲ್ಲಿಗೆ ಬಂದಾಗ 2 ಮೈಲಿ ಎಡಕ್ಕಿದ್ದರೆ ತಪ್ಪಿದ್ದು 4 ಡಿಗ್ರಿ. 4 ಡಿಗ್ರಿ ಮಾತ್ರ ಬಲಕ್ಕೆ ತಿರುಗಿದರೆ ಮೊದಲಿನ ದಾರಿಗೆ ಸಮಾನಾಂತರವಾಗಿ ಹೋಗುತ್ತೀರಿ, ಕೊಪ್ಪಳ ಸಿಗಲ್ಲ. ಇನ್ನೂ 4 ಸೇರಿಸಿ ಒಟ್ಟು 8 ತಿರುಗಬೇಕು.

ದೆಹಲಿಯ ತೊಂದರೆಯನ್ನೂ ಹೇಳಬೇಕು. ರೂಮು ಇಕ್ಕಟ್ಟು, ಬಾಡಿಗೆ ಜಾಸ್ತಿ, ಕ್ಲಾಸಿನಲ್ಲಿ ಪಾಠದ ನಡುವೆ ಹಿಂದಿ ಓಡುತ್ತಿರುತ್ತದೆ. ಹಾಗಾಗಿ ನ್ಯಾವಿಗೇಷನ್ ಒಂದಕ್ಕೇ ಸೇರಿಸಿಕೊಳ್ಳುವ ಕಡೆ ಹುಡುಕಿ, ಮುಗಿಸಿ, ಊರಿಗೆ ಬಂದುಬಿಡಿ. ಮುಂದೆ 200 ಗಂಟೆ ಹಾರಾಟಕ್ಕೆ ಲಕ್ಷಗಟ್ಟಲೆ ಬೇಕು, ಇಲ್ಲಿ ಉಳಿದದ್ದು ಅಲ್ಲಿಗೆ ಆಗುತ್ತದೆ.

ಯಾವ ದಾರಿ ಹಿಡಿದರೂ ಫೀಸು ಕಟ್ಟುವ ಮುಂಚೆ ಪೈಲಟ್‌ಗೆ ಬೇಕಾದ ಆರೋಗ್ಯ ತಪಾಸಣೆ, ಕ್ಲಾಸ್ 2 ಮೆಡಿಕಲ್ ಮಾಡಿಸಿ, ಆಮೇಲೆ ಕ್ಲಾಸ್ 1. ಬಣ್ಣ ಗುರುತಿಸುವ ಪರೀಕ್ಷೆ ಅದರಲ್ಲೇ ಇರುತ್ತದೆ, ಅದನ್ನು ಓದಿ ಪಾಸ್ ಮಾಡೋಕಾಗಲ್ಲ.